ಎಂಸಿಬಿ ಇದೆಯಲ್ಲ, ಆರ್‌ಸಿಸಿಬಿ ಯಾಕೆ?

ಡ್ರಮ್ಮಿನ ಪಕ್ಕ ಸ್ಪ್ರೇಯರ್ ಮೋಟಾರ್ ಓಡಿಸುವಾಗ ನಮ್ಮ ಕಾಲು ಒದ್ದೆಯಾಗೇ ಇರುತ್ತೆ. ಪ್ಲಗ್ ಪಂಪ್‌ಮನೆ ಗೋಡೆಯಲ್ಲಿ, ಅಲ್ಲಿಂದ ಎಳೆದ ವೈರು ಕೆಸರಲ್ಲಿ. ಆದ್ರೂ 'ಎಂಸಿಬಿ ಇದೆಯಲ್ಲ, ಶಾಕ್ ಹೊಡೆದ್ರೆ ಟ್ರಿಪ್ ಆಗುತ್ತೆ' ಅಂತ ಬಹಳ ಜನ ಧೈರ್ಯವಾಗಿರ್ತಾರೆ. ಆಗಲ್ಲ.

16 ಆಂಪಿಯರ್ ಎಂಸಿಬಿ ಟ್ರಿಪ್ ಆಗೋದು ಅದಕ್ಕಿಂತ ಹೆಚ್ಚು ಕರೆಂಟ್ ಹರಿದಾಗ. ಮನುಷ್ಯನ ಎದೆ ಮೂಲಕ 50 ಮಿಲಿಆಂಪಿಯರ್, ಅಂದ್ರೆ ಒಂದು ಆಂಪಿಯರ್‌ನಲ್ಲಿ ಇಪ್ಪತ್ತನೇ ಒಂದು ಪಾಲು, ಕೆಲವು ಸೆಕೆಂಡ್ ಹರಿದರೆ ಜೀವ ಹೋಗಬಹುದು. ಎಂಸಿಬಿ ಕಾಯೋದು ವೈರನ್ನ, ನಿಮ್ಮನ್ನಲ್ಲ.

ಆರ್‌ಸಿಸಿಬಿ ಲೆಕ್ಕ ಇಡುತ್ತೆ: ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ? ನಿಮ್ಮ ಮೈ ಮೂಲಕ ನೆಲಕ್ಕೆ ಸೋರಿದ್ರೆ ಲೆಕ್ಕ ತಪ್ಪಿ ಕಟ್ ಮಾಡುತ್ತೆ. ಅಂಗಡಿಯಲ್ಲಿ 30 ಮಿಲಿಆಂಪಿಯರ್‌ದೇ ಕೇಳಿ. 300ರದ್ದು ಬೆಂಕಿ ತಡೆಯೋಕೆ, ಜೀವ ಉಳಿಸೋಕಲ್ಲ. ಎಂಸಿಬಿಯನ್ನೂ ತೆಗೀಬೇಡಿ, ಓವರ್‌ಲೋಡ್ ಆದ್ರೆ ಅದೇ ಬೇಕು. ಒಂದು ಮಿತಿ ಇದೆ: ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದ್ರೆ ಆರ್‌ಸಿಸಿಬಿಗೆ ಗೊತ್ತಾಗಲ್ಲ.

ನಮ್ಮ ಹೊಲಗಳಲ್ಲಿ ನಿಜವಾದ ತೊಡಕು ನ್ಯೂಟ್ರಲ್‌ದು. ನ್ಯೂಟ್ರಲ್ ಇಲ್ಲದ ಕಡೆ ಒಂದು ಫೇಸ್ ತಗೊಂಡು, ಇನ್ನೊಂದು ವೈರನ್ನ ಅರ್ಥ್ ರಾಡಿಗೋ ಬೋರ್ ಪೈಪಿಗೋ ಕಟ್ಟಿ ಬಲ್ಬು ಉರಿಸ್ತಾರೆ. ಅಲ್ಲಿ ಆರ್‌ಸಿಸಿಬಿ ಹಾಕಿದ ಕೂಡಲೇ ಟ್ರಿಪ್ ಆಗುತ್ತೆ. 'ಇದು ಸರಿ ಇಲ್ಲ' ಅಂತ ಕಿತ್ತು ಹಾಕ್ತಾರೆ. ಆದ್ರೆ ಅದು ಹೇಳ್ತಿರೋದು ನಿಜ: ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಆ ಪೈಪು ಮುಟ್ಟಿದವರಿಗೇ ಶಾಕ್. ಮೊದಲು ಸರಿಯಾದ ನ್ಯೂಟ್ರಲ್ ಎಳೆಸಿ, ಅರ್ಥ್ ಬೇರೆ ಮಾಡಿಸಿ. ಆರ್‌ಸಿಸಿಬಿ ದಾಟಿದ ನ್ಯೂಟ್ರಲ್ ಬೇರೆ ಲೈನಿನದರ ಜೊತೆ, ಅರ್ಥ್ ಜೊತೆ ಎಲ್ಲೂ ಕೂಡಬಾರದು. ಎಲೆಕ್ಟ್ರಿಷಿಯನ್ ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತು ಇದನ್ನ ಕೇಳಿ.

ಬೋರ್‌ವೆಲ್ ಮೋಟಾರಿನ ಲೈನನ್ನ ಇದಕ್ಕೆ ಸೇರಿಸಬೇಡಿ. ಆಳಕ್ಕಿಳಿದ ಕೇಬಲ್‌ನಲ್ಲಿ ಸ್ವಲ್ಪ ಸೋರಿಕೆ ಇದ್ದೇ ಇರುತ್ತೆ, ಸುಮ್‌ಸುಮ್ನೆ ಟ್ರಿಪ್ ಆಗಿ ತಲೆ ತಿನ್ನುತ್ತೆ.

ತಿಂಗಳಿಗೊಮ್ಮೆ ಕರೆಂಟ್ ಇರುವಾಗ ಅದರ ಮೇಲಿನ ಟೆಸ್ಟ್ ಬಟನ್ ಒತ್ತಿ. ಟ್ರಿಪ್ ಆಗದಿದ್ರೆ ಬದಲಾಯಿಸಿ. ಮೊಬೈಲಲ್ಲಿ ರಿಮೈಂಡರ್ ಇಟ್ಕೊಳ್ಳಿ, ಇಲ್ಲಾಂದ್ರೆ ಮರೆತೇ ಹೋಗುತ್ತೆ.

ಪದೇ ಪದೇ ಟ್ರಿಪ್ ಆಗ್ತಿದ್ರೆ ಎಲ್ಲ ಪ್ಲಗ್ ಕಿತ್ತು ಆನ್ ಮಾಡಿ, ಆಮೇಲೆ ಒಂದೊಂದೇ ಹಾಕ್ತಾ ಬನ್ನಿ. ಯಾವುದು ಹಾಕಿದಾಗ ಬೀಳುತ್ತೋ ಅದೇ ಕಳ್ಳ. ಟೇಪ್ ಸುತ್ತಿದ ವೈರ್ ಜಾಯಿಂಟನ್ನ ಮೊದಲು ನೋಡಿ.