ಬಂಧುಕೂಟಕ್ಕೆ ಒಪ್ಪುವ ಆಟಗಳು

ಕನ್ನಡದ ‘ಆಡು’ ಎಂಬ ಧಾತು ಹಲವು ಅರ್ಥಗಳನ್ನು ಹೊತ್ತು ನಿಂತಿದೆ. ಮಕ್ಕಳು ಆಟವಾಡುತ್ತಾರೆ, ಹಿರಿಯರು ಮಾತನಾಡುತ್ತಾರೆ, ತೊಟ್ಟಿಲು ತೂಗಾಡುತ್ತದೆ, ಕಲಹಪ್ರಿಯರು ಜಗಳವಾಡುತ್ತಾರೆ. ಸಂಸ್ಕೃತದ ‘ಕ್ರೀಡಾ’ ಶಬ್ದದ ಮೂಲದಲ್ಲಿ ವಿಹಾರವೆಂಬ ಅರ್ಥವಿದ್ದರೆ, ನಮ್ಮ ‘ಆಟ’ಕ್ಕೆ ಮಾತಿನ ನಂಟೂ ಉಂಟು, ಜಗಳದ ನಂಟೂ ಉಂಟು. ಇದು ಬರಿಯ ಶಬ್ದಚಮತ್ಕಾರವಲ್ಲ. ನಾಲ್ಕಾರು ಮನೆಗಳ ಬಂಧುಗಳು ಹಬ್ಬಕ್ಕೆಂದು ಒಂದೆಡೆ ಸೇರಿದಾಗ ಯಾವ ಆಟವನ್ನು ಹೂಡಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ಈ ಧಾತುವಿನಲ್ಲಿಯೇ ಅಡಗಿದೆ. ಕುಳಿತವರಲ್ಲಿ ಮಾತನ್ನು ಹುಟ್ಟಿಸುವ ಆಟ ಕೂಟಕ್ಕೆ ಒಪ್ಪುತ್ತದೆ. ಮಾತನ್ನು ಕಟ್ಟಿಹಾಕುವ ಆಟ ಎಷ್ಟೇ ಉತ್ತಮವಾದುದಾದರೂ ಬೇರೆ ಹೊತ್ತಿಗೆ ಮೀಸಲು.

ಈ ವಿಚಾರವನ್ನು ನಾನು ಗ್ರಂಥದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ನಮ್ಮ ಮನೆಯಲ್ಲಿ ಇಪ್ಪತ್ತೆರಡು ಮಂದಿ ಕೂಡಿದ್ದೆವು. ಪಾಠ ಹೇಳುವವನ ಹಮ್ಮು ನನ್ನನ್ನು ಬಿಡಲಿಲ್ಲ. ಅಂತ್ಯಾಕ್ಷರಿಯನ್ನು ಆಡೋಣವೆಂದೆ, ಅದೂ ಕಾವ್ಯಗಳ ಪದ್ಯಗಳಿಂದ ಮಾತ್ರ, ಚಲನಚಿತ್ರದ ಹಾಡು ಕೂಡದೆಂದು ನಿಯಮ ಹಾಕಿದೆ. ಪರ ಊರಿನಲ್ಲಿ ಬೆಳೆದು ಕನ್ನಡ ಓದಲು ಬಾರದ ನನ್ನ ಕಿರಿಯ ತಂಗಿಯ ಮಗ, ಹನ್ನೊಂದು ವಯಸ್ಸಿನವನು, ಎರಡು ಸರದಿ ತಲೆ ತಗ್ಗಿಸಿ ಕುಳಿತ. ಮೂರನೆಯ ಸರದಿ ಬರುವಷ್ಟರಲ್ಲಿ ಎದ್ದು ಜಗಲಿಗೆ ಹೋಗಿ ಮೊಬೈಲು ಹಿಡಿದ. ನಾನು ಅದನ್ನು ಗಮನಿಸಲೂ ಇಲ್ಲ. ಗಮನಿಸಿದವರು ನಮ್ಮ ಅಕ್ಕ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. “ತಮ್ಮಾ, ನೀನು ಆಡಿಸ್ತಾ ಇರೋದು ಆಟ ಅಲ್ಲಪ್ಪ, ಪರೀಕ್ಷೆ” ಎಂದು ಹೇಳಿ, ಸೀಮೆಸುಣ್ಣದ ತುಂಡು ತೆಗೆದುಕೊಂಡು ಜಗಲಿಯ ಮೇಲೆಯೇ ಚೌಕಾಬಾರದ ಮನೆಗಳನ್ನು ಬರೆದರು. ಹುಡುಗನ ಕೈಗೆ ಕವಡೆ ಕೊಟ್ಟು, “ನೀನು ಹಾಕು ಮಗಾ, ಕಾಯಿ ನಾನು ನಡೆಸ್ತೀನಿ” ಎಂದರು. ಅರ್ಧ ಗಂಟೆಯಲ್ಲಿ ನನ್ನ ಅಂತ್ಯಾಕ್ಷರಿಯ ಸಭೆ ಬರಿದಾಗಿ ಜಗಲಿ ತುಂಬಿತು. ನಾನೂ ಹೋಗಿ ಕುಳಿತೆ. ಆ ಇಬ್ಬರೂ ಸೇರಿ ನನ್ನ ಮೂರು ಕಾಯಿಗಳನ್ನು ಹೊಡೆದರು.

ಅಕ್ಕ ಮಾಡಿದ್ದು ಸರಳವಾಗಿ ಕಂಡರೂ ಅದರಲ್ಲಿ ಆಯ್ಕೆಯ ವಿವೇಕವೆಲ್ಲ ಅಡಗಿದೆ. ನಾನು ಆಟವನ್ನು ನೋಡಿ ಜನರನ್ನು ಕೂರಿಸಿದ್ದೆ. ಅವರು ಜನರನ್ನು ನೋಡಿ ಆಟವನ್ನು ಹೂಡಿದರು. ಅದರಲ್ಲಿಯೂ ಗೆಲ್ಲಬಲ್ಲವನನ್ನಲ್ಲ, ಹೊರಗುಳಿಯಬಹುದಾದವನನ್ನು ಮೊದಲು ನೋಡಿದರು.

ಚೌಕಾಬಾರವು ಈ ಪರೀಕ್ಷೆಯಲ್ಲಿ ಏಕೆ ಗೆಲ್ಲುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬಹುದು. ಐದು ಸಾಲು, ಸಾಲಿಗೆ ಐದು ಮನೆ, ಒಟ್ಟು 25 ಮನೆಗಳು. ನಾಲ್ಕು ಬದಿಗಳ ನಡುಮನೆಗಳಿಗೂ ಕೇಂದ್ರದ ಮನೆಗೂ ಓರೆಗೆರೆಗಳ ಗುರುತು ಹಾಕುತ್ತಾರೆ. ಅಲ್ಲಿ ನಿಂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆಯ ಚೂರು, ಹುಣಿಸೆಯ ಬೀಜ, ಕಡ್ಡಿ, ಬೆಣಚುಕಲ್ಲು—ಬೇರೆ ಬೇರೆಯಾಗಿ ಕಂಡರೆ ಸಾಕು. ಕಾಯಿ ತನ್ನ ಮನೆಯಿಂದ ಹೊರಟು ಹೊರಸುತ್ತಿನ 16 ಮನೆಗಳನ್ನು ಬಲದಿಂದ ಎಡಕ್ಕೆ ಕ್ರಮಿಸಿ, ಒಳಸುತ್ತಿನ ಎಂಟು ಮನೆಗಳಲ್ಲಿ ದಿಕ್ಕು ಬದಲಿಸಿ ತಿರುಗಿ, ಕಡೆಗೆ ನಡುಮನೆಯನ್ನು ಸೇರಬೇಕು. ಒಟ್ಟು 24 ನಡೆಗಳ ಪಯಣ. ನಡುಮನೆಯನ್ನು ಸೇರಿದ ಕಾಯಿ ‘ಹಣ್ಣಾಯಿತು’ ಎನ್ನುತ್ತೇವೆ. ಕಾಯಿ ಹಣ್ಣಾಗುವುದು! ಹೊಡೆಸಿಕೊಂಡು ಹಿಂದಿರುಗಿ ಮತ್ತೆ ಮೊದಲಿನಿಂದ ನಡೆದುಬಂದ ಕಾಯಿಗೆ ಈ ಮಾತು ಎಷ್ಟು ಸಲ್ಲುತ್ತದೆ! ಇಂಥ ಶಬ್ದವನ್ನು ಕೊಟ್ಟವರು ಯಾವ ಕವಿಗೂ ಕಡಮೆಯವರಲ್ಲ.

ನಾಲ್ಕು ಕವಡೆಗಳನ್ನು ಬೀಸಿದಾಗ ಎಷ್ಟು ಅಂಗಾತ ಬೀಳುತ್ತವೆಯೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ನಾಲ್ಕು, ಅದು ಚೌಕ. ನಾಲ್ಕೂ ಬೋರಲಾದರೆ ಎಂಟು, ಅದು ಬಾರ. ಇವೆರಡರಲ್ಲಿ ಯಾವುದು ಬಿದ್ದರೂ ಮತ್ತೊಮ್ಮೆ ಕವಡೆ ಹಾಕುವ ಅವಕಾಶವುಂಟು. ಗಣಿತದ ಅಧ್ಯಾಪಕ ಮಿತ್ರರೊಬ್ಬರು ಇದರ ಲೆಕ್ಕವನ್ನು ನನಗೆ ತಿಳಿಯಹೇಳಿದರು. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮವೆಂದು ಇಟ್ಟುಕೊಂಡರೆ ನಾಲ್ಕು ಕವಡೆಗಳು ಬೀಳುವ ಬಗೆಗಳು 16. ಅವುಗಳಲ್ಲಿ ಎರಡು ಗರ ಆರು ಬಗೆಯಲ್ಲಿ, ಒಂದು ಮತ್ತು ಮೂರು ತಲಾ ನಾಲ್ಕು ಬಗೆಯಲ್ಲಿ, ಚೌಕವೂ ಬಾರವೂ ಒಂದೊಂದೇ ಬಗೆಯಲ್ಲಿ ಬರುತ್ತವೆ. ಆದ್ದರಿಂದ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಅಪಾಯ, ನಾಲ್ಕು ಮನೆ ಮುಂದೆ ನಿಲ್ಲುವುದು ಅಷ್ಟು ಅಪಾಯವಲ್ಲ. ನಿಜವಾದ ಕವಡೆಗಳು ಹೀಗೆ ಸರಿಸಮವಾಗಿ ಬೀಳಬೇಕೆಂಬ ಕಟ್ಟಳೆಯಿಲ್ಲ. ಒಂದೊಂದು ಕವಡೆಗೆ ಒಂದೊಂದು ಸ್ವಭಾವ. ಆದರೂ ಅಕ್ಕ ಲೆಕ್ಕವಿಲ್ಲದೆಯೇ ಬಲ್ಲ ಮರ್ಮ ಇದೇ ಆಗಿತ್ತು.

ಹೀಗೆ ಗರ ಬೀಳುವುದು ಅದೃಷ್ಟ, ಯಾವ ಕಾಯಿಯನ್ನು ನಡೆಸಬೇಕೆಂಬುದು ಬುದ್ಧಿ. ಅದೃಷ್ಟ ಸೇರಿರುವುದರಿಂದ ಆರು ವರ್ಷದ ಮಗುವೂ ಅಜ್ಜನನ್ನು ಸೋಲಿಸಬಹುದು. ಬುದ್ಧಿ ಸೇರಿರುವುದರಿಂದ ಅಜ್ಜನಿಗೂ ಬೇಸರವಾಗದು. ಎರಡೂ ಹದವಾಗಿ ಬೆರೆತ ಆಟವೇ ವಯೋಭೇದವುಳ್ಳ ಕೂಟಕ್ಕೆ ತಕ್ಕುದು. ನಾಲ್ವರ ಆಟವನ್ನು ಎಂಟು ಮಂದಿಗೆ ಹಿಗ್ಗಿಸುವ ಉಪಾಯವನ್ನೂ ಅಕ್ಕನಿಂದಲೇ ಕಲಿಯಬಹುದು: ಕವಡೆ ಹಾಕುವುದು ಕಿರಿಯರ ಪಾಲು, ಕಾಯಿ ನಡೆಸುವುದು ಹಿರಿಯರ ಪಾಲು. ಅಡುಗೆಮನೆಯಿಂದ ಕರೆ ಬಂದು ಒಬ್ಬರು ಎದ್ದುಹೋದರೂ ಜೊತೆಯವರು ಆಟವನ್ನು ಮುಂದುವರಿಸಬಹುದು. ಹಬ್ಬದ ದಿನ ಹೆಂಗಸರು ಆಟಕ್ಕೆ ಬರುವುದಿಲ್ಲವೆಂದು ಗಂಡಸರು ಹೇಳುವುದುಂಟು. ಬರುವುದಿಲ್ಲವೆಂದಲ್ಲ, ನಡುವೆ ಎದ್ದುಹೋಗಿ ಮರಳಿ ಸೇರಬಹುದಾದ ಆಟವನ್ನು ನಾವು ಹೂಡುವುದಿಲ್ಲ. ಒಲೆಯ ಕೆಲಸದಲ್ಲಿ ನಾವು ಒಂದು ಕೈ ಹಾಕುವುದಿಲ್ಲವೆಂಬುದು ಇನ್ನೊಂದು ಮಾತು.

ಪಗಡೆಯು ಇದಕ್ಕಿಂತ ಗಂಭೀರವಾದುದು. ನಾಲ್ಕು ಪಟ್ಟೆಗಳು, ಪಟ್ಟೆಗೆ 24 ಮನೆಯಂತೆ 96 ಮನೆಗಳು, 16 ಕಾಯಿಗಳು, ಉದ್ದನೆಯ ದಾಳಗಳು. ಎದುರುಬದುರು ಕುಳಿತವರು ಜೊತೆಗಾರರಾಗಿ ಆಡುವ ಪದ್ಧತಿ ಇದರ ಸೊಗಸು. ಎಲ್ಲೋರದ ಗುಹೆಗಳಲ್ಲಿ ಶಿವಪಾರ್ವತಿಯರು ಪಗಡೆಗೆ ಕುಳಿತಿರುವ ಶಿಲ್ಪವನ್ನು ಕಂಡವರು ಅದರ ಗೌರವವನ್ನು ಬಲ್ಲರು. ಆದರೆ ಒಂದು ಆಟಕ್ಕೆ ಹೊತ್ತು ಬಹಳ ಬೇಕು. ಊಟಕ್ಕೆ ಮುನ್ನ ಹೂಡಿದರೆ ಎಲೆ ಆರಿಹೋಗುತ್ತದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಹೂಡಬೇಕು.

ಪಗಡೆಯೆಂದೊಡನೆ ಸಭಾಪರ್ವದ ದ್ಯೂತ ನೆನಪಾಗುವುದು ಸಹಜ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೂ ಜೂಜಿನಿಂದ ಹಾಳಾದವನೊಬ್ಬನ ಪಶ್ಚಾತ್ತಾಪದ ಸೂಕ್ತವುಂಟು. ಇವನ್ನು ಮುಂದಿಟ್ಟು ದಾಳವನ್ನೇ ದೂಷಿಸುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಆ ದ್ಯೂತಸಭೆಯಲ್ಲಿ ಕೆಟ್ಟುದು ಪಣದಿಂದ. ದುರ್ಯೋಧನನ ಬದಲಿಗೆ ಶಕುನಿ ಆಡಿದನು, ಪಣ ಮಾತ್ರ ದುರ್ಯೋಧನನದು. ಆಡುವವನೊಬ್ಬ, ಕಳೆದುಕೊಳ್ಳುವವನೊಬ್ಬನಾದರೆ ಆಟಕ್ಕೆ ಕಡಿವಾಣವಿರದು. “ಇನ್ನು ಸಾಕು” ಎನ್ನುವುದಕ್ಕೆ ಧರ್ಮಜನಿಗೂ ಬಾಯಿ ಬರಲಿಲ್ಲ. ದೀಪಾವಳಿಯ ರಾತ್ರಿ “ಹಬ್ಬಕ್ಕೆ ನಾಲ್ಕು ಕಾಸು” ಎಂದು ಇಸ್ಪೀಟಿಗೆ ಕೂರುವ ರೂಢಿ ಕೆಲವು ಕಡೆ ಇದೆ. ಕಾಸು ನಾಲ್ಕೇ ಇರಬಹುದು. ಆದರೆ ಭಾವಮೈದುನರ ನಡುವೆ ಸೋತ ನಾಲ್ಕು ಕಾಸು ಮುಂದಿನ ಹಬ್ಬದವರೆಗೂ ಮನಸ್ಸಿನಲ್ಲಿ ಉಳಿಯುತ್ತದೆ. ಪಣವೇ ಬೇಕೆಂದರೆ ಹುರಿಗಡಲೆ ಇಡಿ. ಗೆದ್ದವರೂ ತಿನ್ನಬಹುದು, ಸೋತವರೂ ತಿನ್ನಬಹುದು.

ಅಳಿಗುಳಿ ಮಣೆಯದು ಇನ್ನೊಂದು ಪ್ರಕೃತಿ. ಎರಡು ಸಾಲಿನಲ್ಲಿ ಏಳೇಳು ಗುಳಿ. ಒಂದು ಗುಳಿಯ ಬೀಜಗಳನ್ನೆಲ್ಲ ಕೈಗೆತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಅಜ್ಜಿ-ಮೊಮ್ಮಗಳಿಗೆ ಇದಕ್ಕಿಂತ ಒಳ್ಳೆಯ ಆಟ ಕಾಣೆ. ಎಣಿಕೆ ಕಲಿಸುತ್ತಿದ್ದೇವೆಂದು ಅಜ್ಜಿಗೂ ತಿಳಿಯದು, ಕಲಿಯುತ್ತಿದ್ದೇನೆಂದು ಮಗುವಿಗೂ ತಿಳಿಯದು. ಆದರೆ ಆಡುವವರು ಇಬ್ಬರೇ. ಇಪ್ಪತ್ತು ಜನರ ನಡುವೆ ಇಡುವುದಕ್ಕಿಂತ ಪಡಸಾಲೆಯ ಮೂಲೆಯಲ್ಲಿ ಇಟ್ಟು, ಗದ್ದಲ ಸೇರದವರಿಗೆ ಬಿಡುವುದು ಲೇಸು. ಇದೇ ಮಣೆಗೆ ತುಳುನಾಡಿನಲ್ಲಿ ಚೆನ್ನೆಮಣೆಯೆಂದು ಹೆಸರು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಅದು ಅಟ್ಟದಿಂದ ಇಳಿಯುತ್ತದೆ. ಅಲ್ಲಿಯ ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರ ಕಥೆ ಬರುತ್ತದೆ. ಚೆನ್ನೆಯಾಡುತ್ತ ಸೋಲುಗೆಲುವಿನ ಮಾತು ಬೆಳೆದು, ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳನ್ನು ಹೊಡೆಯುತ್ತಾಳೆ. ಅವಳು ಸಾಯುತ್ತಾಳೆ, ಹೊಡೆದವಳೂ ಬಾವಿಯ ಪಾಲಾಗುತ್ತಾಳೆ. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆ ಅಲ್ಲಿ ಉಳಿದುಬಂದಿದೆ. ಇದನ್ನು ಮೂಢನಂಬಿಕೆಯೆಂದು ತಳ್ಳುವ ಮುನ್ನ ನಮ್ಮ ನಮ್ಮ ಮನೆಯ ಮಕ್ಕಳನ್ನು ನೋಡಬೇಕು. ಒಂದೇ ತಾಯಿಯ ಇಬ್ಬರು ಮಕ್ಕಳನ್ನು, ಅದರಲ್ಲಿಯೂ ಒಂದೆರಡು ವರ್ಷದ ಅಂತರದವರನ್ನು, ಎದುರಾಳಿಗಳನ್ನಾಗಿ ಕೂರಿಸುವುದಕ್ಕಿಂತ ಒಂದೇ ಪಕ್ಷದಲ್ಲಿ ಕೂರಿಸುವುದು ಮೇಲು. ಪಗಡೆಯ ಜೊತೆಗಾರಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹುಲಿ-ಕುರಿಯಾಟವೂ ಇಬ್ಬರದೇ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ಹಿಡಿಯುತ್ತದೆ. ಕುರಿಗಳು ಒತ್ತೊತ್ತಾಗಿ ನಿಂತು ಹುಲಿಯನ್ನು ಕದಲದಂತೆ ಕಟ್ಟುತ್ತವೆ. ಇದರಲ್ಲಿ ಅದೃಷ್ಟದ ಪಾಲು ಇಲ್ಲವೇ ಇಲ್ಲ. ಹೊಸಬನಿಗೆ ಹುಲಿಗಳನ್ನು ಕೊಟ್ಟು ಬಲ್ಲವರು ಕುರಿಗಳನ್ನು ಹಿಡಿಯುವುದು ಸೌಜನ್ಯ.

ಅಂಗಡಿಯಲ್ಲಿ ದೊರೆಯುವ ಪಟಗಳ ವಿಷಯ. ಲೂಡೋ ನಮ್ಮ ಪಚ್ಚೀಸಿಯ ಮೊಮ್ಮಗು. ಕವಡೆಯ ಬದಲಿಗೆ ಆರು ಮುಖದ ದಾಳವಿಟ್ಟು 1896ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. 2020ರ ಲಾಕ್‌ಡೌನ್ ದಿನಗಳಲ್ಲಿ ದೂರದೂರದ ಬಂಧುಗಳು ಮೊಬೈಲಿನಲ್ಲಿ ಅದನ್ನೇ ಆಡಿ ಹೊತ್ತು ಕಳೆದರು. ಹಾವು-ಏಣಿಯ ಹಿಂದೆ ಪುಣ್ಯಪಾಪಗಳ ಪಟವಿದೆ: ಸದ್ಗುಣಕ್ಕೆ ಏಣಿ, ದುರ್ಗುಣಕ್ಕೆ ಹಾವು. ಅದು ಪೂರ್ತಿ ಅದೃಷ್ಟದಾಟ. ಐದು ವರ್ಷದೊಳಗಿನ ಮಕ್ಕಳಿದ್ದರೆ ಅಗತ್ಯವಾಗಿ ಆಡಬೇಕು, ಇಲ್ಲದಿದ್ದರೆ ಅಗತ್ಯವಿಲ್ಲ. ಜಾಗಗಳನ್ನು ಕೊಂಡು ಬಾಡಿಗೆ ವಸೂಲು ಮಾಡುವ ‘ವ್ಯಾಪಾರ’ದ ಪಟವನ್ನು ಮಾತ್ರ ನಾನು ಮೆಚ್ಚಲಾರೆ. ಮೊದಲು ದಿವಾಳಿಯಾದವನು ಮಿಕ್ಕವರ ಸಂಪತ್ತನ್ನು ನೋಡುತ್ತ ಗಂಟೆಗಟ್ಟಲೆ ಕೂರಬೇಕು. ಕುರ್ಚಿಯಾಟದಲ್ಲಿಯೂ ಇದೇ ದೋಷ: ಮೊದಲು ಹೊರಬೀಳುವುದು ಬಹುಮಟ್ಟಿಗೆ ಅತಿ ಚಿಕ್ಕ ಮಗುವೇ. ಅದಕ್ಕೆ ಪರಿಹಾರವಿದೆ. ಹೊರಬಿದ್ದ ಮಗುವಿಗೆ ಹಾಡನ್ನು ನಿಲ್ಲಿಸುವ ಅಧಿಕಾರ ಕೊಟ್ಟುಬಿಡಬೇಕು. ಆಗ ಅದೇ ಸಭಾಪತಿ.

ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ವಿಷಯದಲ್ಲಿ ಅಸಾಧಾರಣ ಪರಿಶ್ರಮವುಳ್ಳವರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟಿದ್ದಾರೆ, ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆಯೂ ಆಟದ ಪಟಗಳ ಚಿತ್ರಗಳಿವೆ. ಚದುರಂಗದ ಕುದುರೆ ಒಂದು ಮನೆಗೆ ಒಮ್ಮೆಯೇ ಕಾಲಿಟ್ಟು 64 ಮನೆಗಳನ್ನೂ ಸುತ್ತಿಬರುವ ಸಮಸ್ಯೆಯನ್ನು ಅವರು ಬಿಡಿಸಿದ್ದರು. ಕುದುರೆಯ ಈ ನಡೆಯನ್ನು ಅನುಸರಿಸಿ ಪದ್ಯದ ಅಕ್ಷರಗಳನ್ನು ಹೊಂದಿಸುವ ಬಂಧವು ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿಯೇ ಇದೆ. ಇದು ಬಂಧುಕೂಟಕ್ಕೆ ಬೇಡದ ಮಾತು. ಪಂಡಿತನ ಚಾಪಲ್ಯವನ್ನು ವಾಚಕರು ಮನ್ನಿಸಬೇಕು.

ನನ್ನ ಅಂತ್ಯಾಕ್ಷರಿಗೆ ಹಿಂದಿರುಗುತ್ತೇನೆ, ಏಕೆಂದರೆ ಅದನ್ನು ನಾನು ಬಿಟ್ಟಿಲ್ಲ, ತಿದ್ದಿಕೊಂಡಿದ್ದೇನೆ. ಮೊದಲನೆಯದಾಗಿ ಈಗ ಒಬ್ಬೊಬ್ಬರ ಸರದಿಯಿಲ್ಲ. ಎರಡು ಪಂಗಡಗಳು, ಒಂದೊಂದರಲ್ಲಿಯೂ ಎಲ್ಲ ವಯಸ್ಸಿನವರು. ಮೌನವಾಗಿರಲು ಬಯಸುವವರಿಗೆ ಪಂಗಡದ ನೆರಳು ಸಿಗುತ್ತದೆ. ವಚನ, ಜನಪದ ಗೀತೆ, ತ್ರಿಪದಿ, ಚಲನಚಿತ್ರದ ಹಾಡು—ಎಲ್ಲಕ್ಕೂ ಪ್ರವೇಶವುಂಟು. ವ್ಯಾಕರಣದ ಒಂದು ತೊಡಕನ್ನು ಆರಂಭದಲ್ಲಿಯೇ ಬಗೆಹರಿಸಿಕೊಳ್ಳಬೇಕು. ಕನ್ನಡದ ಹಾಡುಗಳು ‘ಳು’ ಎಂದು, ‘ಣ’ ಎಂದು ಮುಗಿಯುವುದು ಸಾಮಾನ್ಯ. ಆದರೆ ಳಕಾರದಿಂದಲೋ ಣಕಾರದಿಂದಲೋ ಮೊದಲಾಗುವ ಪದ ನಮ್ಮಲ್ಲಿಲ್ಲ. ‘ಳ’ ಬಂದರೆ ‘ಲ’, ‘ಣ’ ಬಂದರೆ ‘ನ’ ಎಂದು ಮೊದಲೇ ಒಪ್ಪಿಕೊಳ್ಳದಿದ್ದರೆ ಹತ್ತು ನಿಮಿಷದಲ್ಲಿ ವಾಗ್ವಾದ ಖಂಡಿತ. ಅಂತ್ಯಾಕ್ಷರಿ ಸಾಕೆನಿಸಿದಾಗ ಒಗಟಿಗೆ ತಿರುಗಬೇಕು. ಅಲ್ಲಿ ವಿದ್ವತ್ತು ನಡೆಯದು. ಅಕ್ಕನಂಥವರು ಒಂದೊಂದಾಗಿ ಬಿಚ್ಚುವ ಒಗಟುಗಳ ಮುಂದೆ ನಾನು ಎಷ್ಟೋ ಸಲ ಕೈಚೆಲ್ಲಿದ್ದೇನೆ.

ಶಾಲೆಯ ಮಕ್ಕಳು ಈ ರಜೆಯಲ್ಲಿಯೇ ಚೌಕಾಬಾರವನ್ನು ಆಡಿ ನೋಡಬಹುದು. ಕವಡೆ ದೊರೆಯದಿದ್ದರೆ ನಾಲ್ಕು ದಪ್ಪ ಹುಣಿಸೆಬೀಜಗಳನ್ನು ಆರಿಸಿ, ಒಂದು ಮೈಯನ್ನು ಒರಟು ಕಲ್ಲಿನ ಮೇಲೆ ಬಿಳಿಯ ತಿರುಳು ಕಾಣುವವರೆಗೆ ಉಜ್ಜಿ. ಬಿಳಿ ಮೇಲಾದರೆ ಅಂಗಾತ, ಕಪ್ಪು ಮೇಲಾದರೆ ಬೋರಲು. ಮನೆಗಳನ್ನು ಬರೆಯಲು ಸೀಮೆಸುಣ್ಣ ಸಾಕು. ತಂಗಿಯ ಮಗ ಕಳೆದ ಹಬ್ಬಕ್ಕೆ ಬರುವಾಗ ತಾನೇ ಉಜ್ಜಿದ ಬೀಜಗಳನ್ನು ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದ. ಬಂದವನೇ ಕೇಳಿದ್ದು, “ದೊಡ್ಡಮ್ಮ ಎಲ್ಲಿ?”