ಹಬ್ಬದ ಡಬ್ಬಿ ಮತ್ತು ಶೇಂಗಾ ಒಗ್ಗದ ಮಗು

ಸಂಕ್ರಮಣ ಸಮೀಪಿಸಿದೊಡನೆ ದೇಶಪಾಂಡೆ ನಗರದ ಮನೆಮನೆಗಳಲ್ಲಿ ಶೇಂಗಾ ಹುರಿಯುವ ಪರಿಮಳ ಏಳುತ್ತದೆ. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕುಸುರೆಳ್ಳು ಇವೆಲ್ಲ ಮಕ್ಕಳ ಡಬ್ಬಿಗಳಲ್ಲಿ ಶಾಲೆಯನ್ನೂ ಸೇರುತ್ತವೆ. ಹಂಚಿ ತಿನ್ನುವುದು ದಾಸೋಹದ ಮೊದಲ ಪಾಠ. ಅದನ್ನು ಬಿಡಿರೆಂದು ನಾವು ಹೇಳಲಾರೆವು. ಆದರೆ ಕೆಲವು ಮಕ್ಕಳಿಗೆ ಶೇಂಗಾ, ಎಳ್ಳು, ಗೋಡಂಬಿ ಅಥವಾ ಹಾಲು ಒಗ್ಗುವುದಿಲ್ಲ. ದೇಹದ ರಕ್ಷಣಾ ಶಕ್ತಿಯು ಆ ಆಹಾರವನ್ನೇ ಶತ್ರುವೆಂದು ಭ್ರಮಿಸುತ್ತದೆ. ಅಂಥ ಮಗುವಿಗೆ ಒಂದು ತುಣುಕು, ಅಥವಾ ಶೇಂಗಾ ಪುಡಿ ತಾಗಿದ ಸೌಟು ಕೂಡ ಅಪಾಯ ತರಬಹುದು. ‘ಸ್ವಲ್ಪ ತಿಂದರೆ ರೂಢಿಯಾಗುತ್ತದೆ’ ಎಂಬ ಹಿರಿಯರ ಮಾತು ಇಲ್ಲಿ ಸಲ್ಲದು.

ತಾಯಂದಿರು ಹಬ್ಬಕ್ಕೆ ಮೊದಲೇ ವರ್ಗದ ಶಿಕ್ಷಕಿಯರಿಗೆ ಬರವಣಿಗೆಯಲ್ಲಿ ತಿಳಿಸಲಿ. ಮಗುವಿಗೆ ಬೇರೆ ಡಬ್ಬಿ ಕಟ್ಟಿಕೊಡಲಿ. ಶಿಕ್ಷಕಿಯರು ಆ ಮಗುವನ್ನು ಒಂಟಿಯಾಗಿ ಕೂರಿಸದೆ, ಎಲ್ಲರಿಗೂ ಬಾಳೆಹಣ್ಣು, ಕಬ್ಬು, ಬಾರೆಹಣ್ಣು ಹಂಚಿದರೆ ಹಬ್ಬಕ್ಕೇನೂ ಕೊರತೆಯಾಗದು. ಪೊಟ್ಟಣದ ತಿನಿಸಾದರೆ ಲೇಬಲ್ ಓದಬೇಕು. 2020ರ ಕೇಂದ್ರ ನಿಯಮದಂತೆ ಶೇಂಗಾ, ಹಾಲು, ಸೋಯಾ, ಗೋಡಂಬಿಯಂಥವುಗಳ ಎಚ್ಚರಿಕೆ ಮುದ್ರಿಸುವುದು ಕಡ್ಡಾಯ. ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ಆದ್ದರಿಂದ ಪದಾರ್ಥಗಳ ಯಾದಿಯನ್ನೇ ಪೂರ್ತಿ ಓದಬೇಕು. ಬಿಡಿಯಾಗಿ ಮಾರುವ ಸಿಹಿಗಂತೂ ಯಾದಿಯೇ ಇರದು.

ನಾಗರಪಂಚಮಿಯಂದು ಕಲ್ಲಿಗೆ ಎರೆಯದೆ ಮಕ್ಕಳಿಗೆ ಹಾಲು ಕುಡಿಸುವ ಒಳ್ಳೆಯ ಪದ್ಧತಿ ಅನೇಕ ಮಠಗಳಲ್ಲಿದೆ. ಅಲ್ಲಿಯೂ ಲೋಟ ಕೊಡುವ ಮೊದಲು ಒಂದು ಮಾತು ಕೇಳುವುದು ಲೇಸು. ಪ್ರಸಾದವನ್ನು ಒಲ್ಲೆನೆನ್ನಬಾರದೆಂಬ ಅಳುಕಿನಿಂದ ಕೆಲವು ತಂದೆತಾಯಿಗಳು ಬಾಯಿ ಬಿಡುವುದಿಲ್ಲ. ಒಗ್ಗದ ಮಗು ವಿಭೂತಿ ಧರಿಸಿ, ಹಣ್ಣನ್ನಷ್ಟೇ ಸ್ವೀಕರಿಸಿದರೆ ಭಕ್ತಿಗೆ ಕುಂದಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ತಿಂದ ಕೆಲವು ನಿಮಿಷಗಳಲ್ಲಿ, ಕೆಲವೊಮ್ಮೆ ಒಂದೆರಡು ತಾಸಿನೊಳಗೆ, ಮೈಮೇಲೆ ಗಂಧೆ ಏಳುತ್ತದೆ, ತುಟಿ ಊದುತ್ತದೆ. ಇದನ್ನು ಬರಿಯ ಪಿತ್ತವೆಂದು ಕಡೆಗಣಿಸಬಾರದು. ಉಸಿರಿನಲ್ಲಿ ಸಿಳ್ಳು, ಧ್ವನಿಯಲ್ಲಿ ಬದಲಾವಣೆ, ಪದೇಪದೇ ವಾಂತಿ, ಮಂಪರು ಕಂಡರೆ ಪ್ರಾಣಾಪಾಯವೆಂದೇ ತಿಳಿಯಬೇಕು. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಗುಳಿಗೆ ಅದಕ್ಕೆ ಬದಲಿಯಲ್ಲ. ಮಗುವನ್ನು ನಡೆಸದೆ ಅಂಗಾತ ಮಲಗಿಸಿ ಕಾಲು ಎತ್ತರಿಸಿರಿ. ಉಸಿರಾಟ ಕಷ್ಟವಾದರೆ ಕೂರಿಸಿರಿ. ಕೂಡಲೇ 108ಕ್ಕೆ ಕರೆ ಮಾಡಿರಿ. ವಿದ್ಯಾನಗರದ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ನಮ್ಮ ಬಡಾವಣೆಗೆ ದೂರವಲ್ಲ. ಚೇತರಿಸಿಕೊಂಡಂತೆ ಕಂಡರೂ ಕೆಲವು ತಾಸುಗಳ ನಂತರ ತೊಂದರೆ ಮರುಕಳಿಸಬಹುದು. ವೈದ್ಯರು ಹೇಳುವವರೆಗೆ ಮಗುವನ್ನು ಮನೆಗೆ ಕರೆತರಬೇಡಿರಿ.