ಹಗ್ಗ ಹಿಡಿಯುವ ಮುನ್ನ

ಹೆರಿಗೆಯ ದಿನವನ್ನು ಗೊತ್ತುಮಾಡುವುದು ಹೊಟ್ಟೆಯೊಳಗಿನ ಕರು. ಗಬ್ಬ ನಿಂತು ಸುಮಾರು 280 ದಿನವಾಗುವ ಹೊತ್ತಿಗೆ ಅದರ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಏರುತ್ತದೆ. ಅಷ್ಟು ದಿನ ಗಬ್ಬವನ್ನು ಕಾದಿದ್ದ ಪ್ರೊಜೆಸ್ಟರಾನ್ ಇಳಿಯುತ್ತದೆ, ಗರ್ಭಕೋಶ ಹಿಂಡತೊಡಗುತ್ತದೆ.

ಚೊಚ್ಚಲ ಕಡಸಿಗೆ ಗರ್ಭದ ಬಾಯಿ ಬಿಡಲು 6ರಿಂದ 12 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಮಲಗುತ್ತದೆ, ಏಳುತ್ತದೆ, ಪಕ್ಕೆಯತ್ತ ತಿರುಗಿ ತಿರುಗಿ ನೋಡುತ್ತದೆ. ಸುತ್ತ ನಿಂತವರ ತಾಳ್ಮೆ ಕೆಡುವುದು ಇಲ್ಲೇ. ಗೊರಸು ಕಂಡದ್ದೇ ತಡ, ನಾಲ್ಕು ಜನ ಹಗ್ಗ ಹಾಕುತ್ತಾರೆ. ಬಾಯಿ ಪೂರ್ತಿ ಬಿಡುವ ಮೊದಲೇ ಎಳೆದರೆ ಒಳಗೆ ಹರಿದೀತು. ಕರು ಒತ್ತಿ ಒತ್ತಿ ದಾರಿ ಹಿಗ್ಗಿದಷ್ಟೂ ಆಕ್ಸಿಟೋಸಿನ್ ಹೆಚ್ಚಿ ನೋವು ಬಲಗೊಳ್ಳುತ್ತದೆ. ಬೆದರಿದ ಕಡಸಿನಲ್ಲಿ ಅಡ್ರಿನಲಿನ್ ಇದಕ್ಕೆ ಅಡ್ಡ ಬರುತ್ತದೆ. ನಾಯಿ, ಮಕ್ಕಳು, ಸಲಹೆಗಾರರು ಎಲ್ಲರನ್ನೂ ಕೊಟ್ಟಿಗೆಯಿಂದ ಆಚೆ ಕಳಿಸುವುದೇ ಮೊದಲ ಉಪಕಾರ.

ಹೊರಗೆ ಇಣುಕಿದ ಗೊರಸನ್ನು ಹತ್ತಿರದಿಂದ ನೋಡಿ. ತುದಿಯಲ್ಲಿ ಹಳದಿ ಛಾಯೆಯ, ಮೆತ್ತಗಿನ, ಎಳೆಎಳೆಯಾದ ಹೊದಿಕೆ ಇರುತ್ತದೆ. ಗರ್ಭಕೋಶಕ್ಕೆ ಗೀರು ಬೀಳದಂತೆ ಕಾಯುವ ಇದು ಕರು ಎದ್ದು ಓಡಾಡಿದ ಮೇಲೆ ಸವೆದುಹೋಗುತ್ತದೆ. ಅಂಗಾಲು ಕೆಳಮುಖವಾಗಿದ್ದರೆ ಸಾಮಾನ್ಯವಾಗಿ ಮುಂಗಾಲು. ಅದರ ಮೇಲೆ ಮೂತಿ ಸಿಗಬೇಕು. ಮೇಲ್ಮುಖವಾಗಿದ್ದರೆ ಬಹುಮಟ್ಟಿಗೆ ಹಿಂಗಾಲು. ಒಂದೇ ಕಾಲು ಬಂದಿದ್ದರೆ, ಮುಂಗಾಲು ಬಂದೂ ಮೂತಿ ಸಿಗದಿದ್ದರೆ, ಅಥವಾ ನೀರಿನ ಚೀಲ ಒಡೆದು ಒಂದು ಗಂಟೆ ಮುಕ್ಕಿದರೂ ಕರು ಮುಂದೆ ಸರಿಯದಿದ್ದರೆ ಪಶುವೈದ್ಯರನ್ನು ಕರೆಸಬೇಕು. ಕರ್ನಾಟಕದಲ್ಲಿ 1962ಕ್ಕೆ ಫೋನ್ ಮಾಡಬಹುದು.

ಎಳೆಯುವ ಕ್ರಮವೂ ಇದೆ. ಎರಡು ಕಾಲನ್ನೂ ಒಟ್ಟಿಗೆ ಜಗ್ಗಿದರೆ ಭುಜಗಳೆರಡೂ ಜೊತೆಯಾಗಿ ಬಂದು ಸಿಕ್ಕಿಕೊಳ್ಳುತ್ತವೆ. ಒಂದಾದ ಮೇಲೊಂದು, ಕಡಸು ಮುಕ್ಕಿದಾಗ ಮಾತ್ರ, ಅದು ಸುಮ್ಮನಾದಾಗ ನಾವೂ ಸುಮ್ಮನೆ. ಭುಜ ದಾಟಿದ ಮೇಲೆ ಹಗ್ಗವನ್ನು ಕೆಳಕ್ಕೆ, ಕಡಸಿನ ಹಿಂಗಾಲಿನ ಕಡೆಗೆ ಎಳೆಯಬೇಕು.

ನಿಜ ಹೇಳಬೇಕೆಂದರೆ ಎಷ್ಟೋ ಕಷ್ಟದ ಹೆರಿಗೆಗಳಿಗೆ ಬೀಜ ಬಿದ್ದಿರುವುದು ಒಂಬತ್ತು ತಿಂಗಳ ಹಿಂದೆ, ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಿದ ದಿನವೇ. ಬೆಳೆದ ಹಸುವಿನ ತೂಕದ ಶೇ. 60–65ರಷ್ಟಾದರೂ ಬಾರದ ಕಡಸಿಗೆ, ಅಥವಾ ಮಲೆನಾಡು ಗಿಡ್ಡದಂಥ ಪುಟ್ಟ ತಳಿಗೆ ಹಾಲಿನಾಸೆಯಿಂದ ಹೋಲ್‌ಸ್ಟೀನ್ ಫ್ರೀಸಿಯನ್ (ಎಚ್‌ಎಫ್) ಎಂಬ ದೊಡ್ಡ ತಳಿಯ ವೀರ್ಯ ಕೊಡಿಸಿದರೆ ಸೊಂಟ ಕಿರಿದು, ಕರು ದೊಡ್ಡದು.

ಕರು ಬಿದ್ದ ಕೂಡಲೇ ಮೂಗು ಬಾಯಿಯ ಲೋಳೆ ತೆಗೆದು, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಮಾಸು ಬೀಳುವ ತನಕ ಗಿಣ್ಣು ಹಾಲು ಕುಡಿಸಬಾರದೆಂಬ ಮಾತು ಹಲವೆಡೆ ಇದೆ. ಆದರೆ ಮಾಸು ಬೀಳಲು 12 ಗಂಟೆಯೂ ಆಗಬಹುದು, ಅಲ್ಲಿಯವರೆಗೆ ಕಾಯಬಾರದು. ಗರ್ಭದಲ್ಲಿರುವಾಗ ತಾಯಿಯ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಅವನ್ನು ಹೀರಿಕೊಳ್ಳುವ ಕರುಳಿನ ಶಕ್ತಿಯೋ ಗಂಟೆಗಂಟೆಗೂ ಇಳಿದು ಒಂದು ದಿನದೊಳಗೆ ನಿಂತುಹೋಗುತ್ತದೆ. ಕರು ಚೀಪಿದರೆ ತಾಯಿಯಲ್ಲಿ ಮತ್ತೆ ಆಕ್ಸಿಟೋಸಿನ್ ಹೊರಟು ಗರ್ಭಕೋಶ ಹಿಂಡುತ್ತದೆ, ಮಾಸು ಬೀಳಲೂ ಅದೇ ಅನುಕೂಲ.